ಮೂರು ನಿಮಿಷ

ಕಾಸ್ತ್ರೊ ಪಟ್ಟಣದ ಕಚೇರಿಯಿಂದ ಕಾಗದ ಬಂತು:
ದ್ವೀಪದವರ ಪರವಾಗಿ ಒಬ್ಬರು ಮಾತಾಡಬಹುದು,
ಮೂರು ನಿಮಿಷ.
ಯಾರು ಎಂದಾಗ ಎಲ್ಲರೂ ನನ್ನ ಕಡೆ ತಿರುಗಿದರು.
ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ
ನನ್ನಷ್ಟು ಬಾಯಿ ಬೇರೆ ಯಾರಿಗೂ ಇಲ್ಲವಂತೆ.

ಬಾಯಿ ಬೇರೆ, ಮಾತು ಬೇರೆ.
ಗೊತ್ತಾದದ್ದು ಆ ರಾತ್ರಿಯೇ,
ಒಲೆಯ ಮುಂದೆ ನೆಟ್ಟಗೆ ನಿಂತು 'ಮಾನ್ಯರೇ' ಅಂದೆ ನೋಡಿ,
ಗಂಟಲಲ್ಲಿ ಏನೋ ಚಿಪ್ಪಿನ ಹಾಗೆ
ಟಕ್ಕನೆ ಮುಚ್ಚಿಕೊಂಡಿತು.

ತಮ್ಮ ನೊಲ್ಬೆರ್ತೊ ಆಲೂಗಡ್ಡೆ ಸುಲಿಯುತ್ತಿದ್ದ.
ಹುಟ್ಟು ಕಿವುಡ. ನಲವತ್ತು ವರ್ಷ
ನನ್ನ ತುಟಿ ಓದಿಕೊಂಡೇ ಬದುಕಿದವನು.
ಚಾಕು ಕೆಳಗಿಟ್ಟು ಕೈಯಲ್ಲೇ ಕೇಳಿದ:
ಯಾರಿಗೆ ಹೇಳುತ್ತಿದ್ದೀ? ಒಲೆಗೋ?

ಅವತ್ತಿನಿಂದ ಅವನೇ ಮೇಷ್ಟ್ರು.
ಓಡಿದರೆ ಅಂಗೈ ಎತ್ತುತ್ತಿದ್ದ.
ಕಾಗದದೊಳಗೆ ಮುಖ ಹುದುಗಿಸಿದರೆ
ಎದ್ದು ಹೋಗಿ ಹಂದಿಗೆ ಮೇವು ಹಾಕಿ ಬರುತ್ತಿದ್ದ.
ವಾಕ್ಯದ ಬಾಲ ನುಂಗಬೇಡ,
ನನಗೆ ಬಾಲದಲ್ಲೇ ಅರ್ಥ ಸಿಗುವುದು, ಅನ್ನುತ್ತಿದ್ದ.

ನಡುವೆ ನಿಲ್ಲು, ಅಂದ ಒಂದು ದಿನ.
ನಿಂತರೆ ಮರೆತೆ ಅಂದುಕೊಳ್ಳುತ್ತಾರೆ ಕಣೋ.
ಅಲೆ ಹಿಂದಕ್ಕೆ ಹೋಗುವುದು
ಮರೆತು ಹೋಗಿಯೇ?

ಒಂದು ಪದ ಮಾತ್ರ ದಾರಿಗೆ ಬರಲಿಲ್ಲ.
ನಾನು 'ಬೇಲಿ' ಅಂದರೆ ಅವನಿಗೆ 'ಬೆಲೆ' ಎಂದು ಕಾಣುತ್ತಿತ್ತು.
ಬೇಲಿ. ಬೆಲೆ. ಬೇಲಿ. ಬೆಲೆ.
ಎಂಟು ದಿನ ಇದೇ ರಗಳೆ.
ಕಿವಿ ಇರುವವರಿಗೆ ಈ ಕಷ್ಟವಿಲ್ಲ ಬಿಡು ಅಂದೆ.
ಅವನು ನಕ್ಕ, ಹಲ್ಲಿಲ್ಲದ ಕಡೆಯಿಂದ.

ಕಚೇರಿಯ ಸಭಾಂಗಣ. ನೀರಿನ ಬಾಟಲಿಗಳು.
ಕಂಪನಿಯ ವಕೀಲ ಮೊದಲು ಎದ್ದ,
ಎಣ್ಣೆ ಸುರಿದ ಹಾಗೆ ಮಾತಾಡಿದ,
ಒಂದು ಕಡೆಯೂ ಎಡವಲಿಲ್ಲ.
ಏನು ಹೇಳಿದ ಎಂದು ಈಗ ಕೇಳಿದರೆ
ಅವನ ಟೈಯ ಬಣ್ಣ ಮಾತ್ರ ನೆನಪಿದೆ.

ಮೈಕು ನನಗಿಂತ ಎತ್ತರ.
ಬಗ್ಗಿಸಲು ಹೋದರೆ ಕಿರುಚಿತು, ಬಿಟ್ಟುಬಿಟ್ಟೆ.
ಮಂಡಿ ನಡುಗುತ್ತಿತ್ತು, ಈಗಲೂ ಹೇಳಿದರೆ ನಡುಗುತ್ತದೆ.
ಕೊನೆಯ ಸಾಲಿನಲ್ಲಿ ನೊಲ್ಬೆರ್ತೊ,
ಉಣ್ಣೆಯ ಟೋಪಿ ತೆಗೆಯದೆ ಕೂತಿದ್ದ,
ಅಂಗೈ ತೊಡೆಯ ಮೇಲೆ: ನಿಧಾನ.

ಅವನೊಬ್ಬನಿಗೆ ಹೇಳಿದೆ.
ಇಳಿತ ಬೆಳಗಿನ ನಾಲ್ಕಕ್ಕೂ ಬರುತ್ತದೆ,
ಸಮುದ್ರ ಯಾರ ಕೈಗಡಿಯಾರವನ್ನೂ ನೋಡುವುದಿಲ್ಲ.
ಅಮ್ಮ ಲಾಟೀನು ಹಿಡಿದು ತೋರಿಸುತ್ತಿದ್ದಳು
ಯಾವ ಕಲ್ಲಿನ ಕೆಳಗೆ ಎಷ್ಟು ಆಯಬಹುದು,
ಎಷ್ಟು ಬಿಟ್ಟು ಬರಬೇಕು.
ಆ ಕಲ್ಲುಗಳಿಗೆ ಹೋಗುವ ದಾರಿಯಲ್ಲಿ ಈಗ ಬೇಲಿ.

ಅಧ್ಯಕ್ಷರು ಕನ್ನಡಕ ತೆಗೆದರು.
'ಅರ್ಥವಾಯಿತು ತಾಯಿ. ಬೆಲೆ ಎಷ್ಟು ಅಂತೀರಿ?'

ಕಿವಿ ಇದ್ದವರು!

ಹಿಂದಿನ ಸಾಲು ನೋಡಿದೆ. ಅವನಿಗೇನೂ ಕೇಳಿಸಿರಲಿಲ್ಲ,
ಆದರೂ ನನ್ನ ಮುಖದಲ್ಲೇ ಓದಿಕೊಂಡ,
ಎರಡು ಬೆರಳಿಂದ ತನ್ನ ತುಟಿಯ ತುದಿಗಳನ್ನು
ಅಗಲಕ್ಕೆ ಎಳೆದು ತೋರಿಸಿದ.
ನಿಂತೆ. ಅಲೆ ಹಿಂದಕ್ಕೆ ಹೋಗುವಷ್ಟು ಹೊತ್ತು.
ಯಾರೋ ಕೆಮ್ಮುವುದನ್ನು ಅರ್ಧಕ್ಕೆ ಬಿಟ್ಟರು.
ಆಮೇಲೆ ಅಂದೆ, ಮೈಕಿನಿಂದ ದೂರ ಸರಿದು:
ಬೆಲೆ ಅಲ್ಲ ಸ್ವಾಮಿ.
ಬೇ
ಲಿ.

ಗಂಟೆ ಬಾರಿಸಿತು. ತೀರ್ಮಾನ
ಅಂಚೆಯಲ್ಲಿ ಬರುತ್ತದಂತೆ.

ದೋಣಿಯಲ್ಲಿ ಪಕ್ಕಪಕ್ಕ ಕೂತೆವು.
ಜೇಬಿನಿಂದ ಬೇಯಿಸಿದ ಆಲೂಗಡ್ಡೆ ತೆಗೆದ, ತಣ್ಣಗಾಗಿತ್ತು,
ಉಪ್ಪು ತರಲು ಮರೆತಿದ್ದ.
ಹೇಗಿತ್ತೋ ಅಂದೆ.
ಬೇಲಿ ಚೆನ್ನಾಗಿತ್ತು.
'ಅಮ್ಮ' ಅಂದಾಗ ತುಟಿ ಒಳಗೆಳೆದುಕೊಂಡೆ, ಕಾಣಲಿಲ್ಲ.
ಇನ್ನೊಂದು ಸಲ ಹೇಳು.

ಎಂಜಿನ್ನಿನ ಗದ್ದಲದಲ್ಲಿ
ನನಗೇ ನನ್ನ ದನಿ ಕೇಳಿಸಲಿಲ್ಲ.
ಅವನ ಕಡೆ ತಿರುಗಿ ಹೇಳಿದೆ.